ಒಂದು ಸೈಟು, ಮೂರು ಮಹಡಿ, ಮೂರು ಮನೆ: ಚಂಡೀಗಢದ ಮೊದಲ ಹಂತದ ಪ್ರಕರಣ

ಚಂಡೀಗಢದಲ್ಲಿ ಒಂದು ಕನಾಲ್ ಸೈಟು ಎಂದರೆ 500 ಚದರ ಗಜ, ಅಂದರೆ 4,500 ಚದರ ಅಡಿ. ಬೆಂಗಳೂರಿನ ಲೆಕ್ಕದಲ್ಲಿ 30×40ರ ನಾಲ್ಕು ಸೈಟಿಗೆ ತುಸು ಕಡಿಮೆ. ನಗರದ ಮೊದಲ ಹಂತವಾದ 1ರಿಂದ 30ರವರೆಗಿನ ಸೆಕ್ಟರುಗಳಲ್ಲಿ ಇಂಥ ಸೈಟಿಗೆ ಒಂದೇ ಮನೆ ಎಂಬುದು ಮೂಲ ಯೋಜನೆ. ಅದೇ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಪರಸ್ಪರ ಸಂಬಂಧವೇ ಇಲ್ಲದ ಮೂರು ಕುಟುಂಬಗಳಿಗೆ ಮಹಡಿಗೊಂದರಂತೆ ಮಾರಬಹುದೇ? ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2023ರ ಜನವರಿ 10ರಂದು ತೀರ್ಪು ಕೊಟ್ಟಿತು. ರೆಸಿಡೆಂಟ್ಸ್ ವೆಲ್‌ಫೇರ್ ಅಸೋಸಿಯೇಷನ್ ವಿರುದ್ಧ ಕೇಂದ್ರಾಡಳಿತ ಪ್ರದೇಶ ಚಂಡೀಗಢ ಎಂಬ ಈ ಪ್ರಕರಣವನ್ನು ಕೇಳಿದ್ದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ.

ಕಡಿಮೆ ಸಾಂದ್ರತೆಯ ವಸತಿ ಪ್ರದೇಶವನ್ನು ಒಂದು ನಗರ ಹೇಗೆ ವ್ಯಾಖ್ಯಾನಿಸುತ್ತದೆ, ಆ ವ್ಯಾಖ್ಯಾನ ಯಾವ ಕಚೇರಿಯ ಯಾವ ಮೇಜಿನ ಮೇಲೆ ಸಡಿಲವಾಗುತ್ತದೆ ಎಂದು ತಿಳಿಯಲು ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಇಲ್ಲಿ ಒತ್ತುವರಿ ಇಲ್ಲ, ಮಂಜೂರಾತಿ ಮೀರಿದ ಮಹಡಿಯ ತಕರಾರಿಲ್ಲ. ನಕ್ಷೆ ಮಂಜೂರಾಗಿತ್ತು, ಕ್ರಯಪತ್ರ ನೋಂದಣಿಯಾಗಿತ್ತು. ಕಾಗದಪತ್ರಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಸರಿ. ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಒಂದು ಮನೆಯ ಜಾಗದಲ್ಲಿ ಮೂರು ಫ್ಲ್ಯಾಟು ಕಾಣುತ್ತಿದ್ದವು.

ಯೋಜನೆಯಲ್ಲಿ ಇದ್ದದ್ದೇನು

ದೇಶ ವಿಭಜನೆಯಾಗಿ ಲಾಹೋರ್ ಪಾಕಿಸ್ತಾನದ ಪಾಲಾದ ಮೇಲೆ ಪೂರ್ವ ಪಂಜಾಬಿಗೆ ರಾಜಧಾನಿ ಬೇಕಾಯಿತು. ಅಮೆರಿಕದ ನಗರ ಯೋಜಕ ಆಲ್ಬರ್ಟ್ ಮೇಯರ್ ಆರಂಭಿಸಿದ ಕೆಲಸ 1951ರಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕೈಗೆ ಬಂತು. ಮನೆಗಳ ವಿನ್ಯಾಸದ ಬಹುಪಾಲು ಹೊಣೆ ಪಿಯರ್ ಜಾನ್ನರೆ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ಮತ್ತು ಅವರ ಜೊತೆಗಿದ್ದ ಭಾರತೀಯ ವಾಸ್ತುಶಿಲ್ಪಿಗಳದ್ದು. 800 ಮೀಟರ್ ಅಗಲ, 1,200 ಮೀಟರ್ ಉದ್ದದ ಸೆಕ್ಟರು ಇಡೀ ನಗರದ ಅಳತೆಗೋಲು. ಒಟ್ಟು ಐದು ಲಕ್ಷ ಜನರಿಗೆಂದು ನಗರ ರೂಪಿಸಿದರು: ಮೊದಲ ಹಂತದಲ್ಲಿ ಒಂದೂವರೆ ಲಕ್ಷ, 31ರಿಂದ 47ರವರೆಗಿನ ಸೆಕ್ಟರುಗಳ ಎರಡನೇ ಹಂತದಲ್ಲಿ ಮೂರೂವರೆ ಲಕ್ಷ. ಎಕರೆಗೆ ಲೆಕ್ಕ ಹಾಕಿದರೆ ಮೊದಲ ಹಂತದಲ್ಲಿ ಸುಮಾರು 16 ಜನ, ಎರಡನೆಯದರಲ್ಲಿ ಸುಮಾರು 60.

ಈ 16 ಎಂಬ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಇದು ಒಟ್ಟು ಸಾಂದ್ರತೆ: ರಸ್ತೆ, ಉದ್ಯಾನ, ಶಾಲೆ, ಸಚಿವಾಲಯ, ವಿಶ್ವವಿದ್ಯಾಲಯ ಎಲ್ಲ ಸೇರಿದ ಎಕರೆಗೆ ಜನ. ಮನೆಗಳಿರುವ ಬೀದಿಯನ್ನಷ್ಟೇ ಅಳೆದರೆ ಸಿಗುವ ನಿವ್ವಳ ಸಾಂದ್ರತೆಯಲ್ಲಿ ಅಂಕಿ ಹೆಚ್ಚುತ್ತದೆ. ಮಹಾಯೋಜನೆಗಳ (ಮಾಸ್ಟರ್ ಪ್ಲಾನ್) ಚರ್ಚೆಯಲ್ಲಿ ಒಬ್ಬರು ಒಟ್ಟು ಸಾಂದ್ರತೆ, ಇನ್ನೊಬ್ಬರು ನಿವ್ವಳ ಸಾಂದ್ರತೆ ಹಿಡಿದು ವಾದ ಮಾಡುವುದು ಎಲ್ಲ ಊರಿನಲ್ಲೂ ನಡೆಯುತ್ತದೆ. ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ಮೊದಲು ಕೇಳದಿದ್ದರೆ ಚರ್ಚೆ ಮುಗಿಯುವುದೇ ಇಲ್ಲ.

2011ರ ಜನಗಣತಿಯಲ್ಲಿ ಕೇಂದ್ರಾಡಳಿತ ಪ್ರದೇಶದ ಜನಸಂಖ್ಯೆ 10,55,450. ಅಂದುಕೊಂಡದ್ದರ ಎರಡರಷ್ಟಕ್ಕೂ ಹೆಚ್ಚು. ಆದರೆ ಹೆಚ್ಚುವರಿ ಜನ ಎಲ್ಲ ಕಡೆ ಸಮನಾಗಿ ಹರಡಲಿಲ್ಲ. ದಕ್ಷಿಣದ ಸೆಕ್ಟರುಗಳು, ಹಳ್ಳಿಗಳು, ಕಾಲೊನಿಗಳು ತುಂಬಿದವು, ಉತ್ತರದ ದೊಡ್ಡ ಸೈಟುಗಳ ಸೆಕ್ಟರುಗಳು ಹೆಚ್ಚುಕಡಿಮೆ ಹಾಗೇ ಉಳಿದವು. ಪ್ರಕರಣದ ಬೇರು ಈ ಅಸಮತೆಯಲ್ಲಿದೆ.

ನಿಯಮದ ಪದರಗಳು

ಕಡಿಮೆ ಸಾಂದ್ರತೆಯನ್ನು ಕಾಯುವ ಒಂದೇ ನಿಯಮ ಚಂಡೀಗಢದಲ್ಲೂ ಇಲ್ಲ, ಬೇರೆಲ್ಲೂ ಇಲ್ಲ. ಮಹಾಯೋಜನೆ ಜನಸಂಖ್ಯೆ ಹೇಳುತ್ತದೆ. ಕಟ್ಟಡ ನಿಯಮ ಎತ್ತರ, ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಎಂಬ ಅನುಪಾತ), ಸುತ್ತ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್) ಹೇಳುತ್ತದೆ. ಸೈಟು ಮಾರಾಟದ ನಿಯಮ ಆ ಸೈಟನ್ನು ಒಡೆಯಬಹುದೇ, ಕೂಡಿಸಬಹುದೇ ಎನ್ನುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆ, ನೋಂದಣಿ ಕಾಯ್ದೆಗಳು ಕೇಂದ್ರದವು. ಅವುಗಳಿಗೆ ಸಾಂದ್ರತೆಯ ಗೊಡವೆಯೇ ಇಲ್ಲ.

ಇಲ್ಲಿ ಮೂಲ ಕಾನೂನು ಪಂಜಾಬ್ ರಾಜಧಾನಿ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, 1952. ಅದರಡಿ ಬಂದ 1960ರ ಸೈಟು ಮತ್ತು ಕಟ್ಟಡ ಮಾರಾಟ ನಿಯಮಗಳ 14ನೇ ನಿಯಮ ಚಿಕ್ಕದು, ಖಚಿತವಾದದ್ದು: ಯಾವ ಸೈಟನ್ನೂ ಕಟ್ಟಡವನ್ನೂ ತುಂಡು ಮಾಡುವಂತಿಲ್ಲ, ಒಂದಕ್ಕೊಂದು ಸೇರಿಸುವಂತಿಲ್ಲ. 2007ರ ಚಂಡೀಗಢ ಎಸ್ಟೇಟ್ ನಿಯಮಗಳಲ್ಲಿ ಇದೇ ನಿರ್ಬಂಧ 16ನೇ ನಿಯಮವಾಗಿ ಉಳಿಯಿತು.

ನಡುವೆ ಒಂದು ಪ್ರಯೋಗ ನಡೆಯಿತು. 2001ರ ಡಿಸೆಂಬರಿನಲ್ಲಿ ಚಂಡೀಗಢದ ಆಡಳಿತ ಅಪಾರ್ಟ್‌ಮೆಂಟ್ ನಿಯಮಗಳನ್ನು ಹೊರಡಿಸಿ, ಕಟ್ಟಡದೊಳಗಿನ ಭಾಗವನ್ನು ಪ್ರತ್ಯೇಕ ಆಸ್ತಿಯಾಗಿ ಗುರುತಿಸಲು ದಾರಿ ಮಾಡಿತು. ನಿವಾಸಿಗಳಿಂದ ಬಲವಾದ ವಿರೋಧ ಬಂತು. 2007ರ ಅಕ್ಟೋಬರಿನಲ್ಲಿ ಆ ನಿಯಮಗಳನ್ನು ಹಿಂತೆಗೆದುಕೊಂಡರು. ಮುಂದೆ ಸುಪ್ರೀಂ ಕೋರ್ಟು ಇದಕ್ಕೆ ಬಹಳ ತೂಕ ಕೊಟ್ಟಿತು. ಜನಾಭಿಪ್ರಾಯ ನೋಡಿ ಬಾಗಿಲು ಮುಚ್ಚಿದ ಮೇಲೆ ಅದೇ ಕೆಲಸ ಹಿತ್ತಿಲಿನಿಂದ ನಡೆಯುವಂತಿಲ್ಲ ಎಂಬುದು ಅದರ ತರ್ಕ.

ಬಳಸುದಾರಿ ಹೇಗಿತ್ತು

ಹಂತ ಹಂತವಾಗಿ ಹೇಳಬೇಕು, ಏಕೆಂದರೆ ಬೆಂಗಳೂರು, ಮೈಸೂರಿನಲ್ಲಿ ಮನೆ ಕೊಳ್ಳುವವರಿಗೂ ಇದರ ಕೆಲವು ತುಣುಕು ಪರಿಚಿತ.

ಡೆವಲಪರ್ ಒಬ್ಬರು ಹಳೆಯ ಮನೆಯಿರುವ ಒಂದು ಕನಾಲ್ ಸೈಟು ಕೊಳ್ಳುತ್ತಾರೆ, ಇಲ್ಲವೇ ಮಾಲೀಕರ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಮನೆ ಕೆಡವಿ, ಒಂದೇ ವಾಸದ ಮನೆಯೆಂದು ಮೂರು ಮಹಡಿಯ ನಕ್ಷೆ ಸಲ್ಲಿಸುತ್ತಾರೆ. ಎತ್ತರ, ಎಫ್‌ಎಆರ್ ಮಿತಿಯಲ್ಲೇ ಇರುವುದರಿಂದ ನಕ್ಷೆ ಮಂಜೂರಾಗುತ್ತದೆ. ಕಟ್ಟಡ ಮುಗಿಯುವ ಹೊತ್ತಿಗೆ ಮೂವರು ಖರೀದಿದಾರರು ಸಿದ್ಧ. ಅವರಿಗೆ ಮಹಡಿಯನ್ನು ಮಾರುವುದಿಲ್ಲ, ಏಕೆಂದರೆ ಮಹಡಿಯೆಂಬ ಪ್ರತ್ಯೇಕ ಆಸ್ತಿಗೆ ಕಾನೂನಿನ ಮನ್ನಣೆ ಇಲ್ಲ. ಇಡೀ ಸೈಟು ಮತ್ತು ಕಟ್ಟಡದಲ್ಲಿ ಅವಿಭಜಿತ ಪಾಲು ಮಾರುತ್ತಾರೆ: ನೆಲಮಹಡಿಗೆ ಬರುವವರಿಗೆ ನೂರಕ್ಕೆ 50, ಮೊದಲ ಮಹಡಿಯವರಿಗೆ 30, ಮೇಲಿನವರಿಗೆ 20 ಎಂಬಂತೆ. ಮೂರೂ ಕ್ರಯಪತ್ರಗಳು ನೋಂದಣಿಯಾಗುತ್ತವೆ. ಬಳಿಕ ಮೂವರು ಸಹಮಾಲೀಕರು ತಮ್ಮೊಳಗೆ ಒಂದು ಒಪ್ಪಂದಪತ್ರ ಬರೆದುಕೊಳ್ಳುತ್ತಾರೆ: ಯಾವ ಮಹಡಿ ಯಾರ ಸ್ವಾಧೀನ, ಚಾವಣಿ ಯಾರದ್ದು, ಹಿಂದಿನ ಅಂಗಳ ಯಾರದ್ದು, ಗೇಟಿನ ಒಳಗೆ ಯಾರ ಕಾರು. ಫ್ಲ್ಯಾಟಿನ ಕ್ರಯಪತ್ರದಲ್ಲಿ ಇರಬೇಕಾದದ್ದೆಲ್ಲ ಈ ಒಪ್ಪಂದದಲ್ಲಿ ಬಂದು ಕೂರುತ್ತದೆ.

ಹಣದ ಲೆಕ್ಕವೇ ಇದನ್ನೆಲ್ಲ ನಡೆಸಿದ್ದು. ಇಡೀ ಕನಾಲ್ ಕೊಳ್ಳುವ ಶಕ್ತಿ ಇರುವವರು ಕೆಲವರು, ಅದರ ಒಂದು ಪಾಲು ಕೊಳ್ಳಬಲ್ಲವರು ಹಲವರು. ಹೀಗಾಗಿ ಮೂರು ಪಾಲಿನ ಒಟ್ಟು ಬೆಲೆ ಒಂದು ಮನೆಯ ಬೆಲೆಗಿಂತ ಮೇಲೆ ನಿಲ್ಲುತ್ತದೆ. ಆ ವ್ಯತ್ಯಾಸ ಹಳೆಯ ಮನೆ ಕೆಡವುವ ಖರ್ಚನ್ನೂ ಡೆವಲಪರ್ ಲಾಭವನ್ನೂ ಹೊರುವಷ್ಟು ಇದ್ದರೆ ಬೀದಿಯಲ್ಲಿ ಒಂದರ ಹಿಂದೆ ಒಂದು ಮನೆ ಉರುಳುತ್ತದೆ. ಎಫ್‌ಎಆರ್ ಹೆಚ್ಚಿದ್ದರಿಂದ ಮಾತ್ರ ಮನೆಗಳು ಬೀಳುತ್ತವೆ ಎಂಬ ನಂಬಿಕೆ ಅರ್ಧ ಸತ್ಯ. ಹೆಚ್ಚಿದ ಎಫ್‌ಎಆರ್ ಜೊತೆ ಬಿಡಿಯಾಗಿ ಮಾರುವ ಅವಕಾಶವೂ ಕೂಡಿದಾಗ ಕೆಡವುವ ಕೆಲಸ ಲಾಭದ್ದಾಗುತ್ತದೆ.

ಬೀದಿಯ ಮೇಲೆ ಬೀಳುವ ಭಾರ

ಕಟ್ಟಡದ ಗಾತ್ರ ಎರಡೂ ಸಂದರ್ಭದಲ್ಲಿ ಒಂದೇ ಆಗಿದ್ದರೆ ಮೂರು ಕುಟುಂಬ ಇದ್ದರೇನು ತೊಂದರೆ? ಇದು ಆಡಳಿತದ ಪರ ಮತ್ತು ಖರೀದಿದಾರರ ಪರ ಕೇಳಿಬಂದ ನ್ಯಾಯವಾದ ಪ್ರಶ್ನೆ. ಉತ್ತರವನ್ನು ಅಂದಾಜಿನ ಲೆಕ್ಕದಿಂದಲೇ ನೋಡಬಹುದು.

ಮನೆಗೆ ಐದು ಜನ ಎಂದಿಟ್ಟುಕೊಳ್ಳಿ. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಮ್ಮ ದೇಶದ ನಗರ ನೀರಿನ ಮಾನದಂಡದಂತೆ ಒಂದು ಕುಟುಂಬಕ್ಕೆ 675 ಲೀಟರ್, ಮೂರಕ್ಕೆ 2,025 ಲೀಟರ್. ಅದರಲ್ಲಿ ನೂರಕ್ಕೆ 80 ಒಳಚರಂಡಿಗೆ ಬರುತ್ತದೆಂದು ಎಂಜಿನಿಯರುಗಳು ಹಿಡಿಯುತ್ತಾರೆ: 540 ಲೀಟರ್ ಇದ್ದದ್ದು 1,620 ಆಗುತ್ತದೆ. ಒಂದು ಸೈಟಿನಲ್ಲಿ ಹೀಗಾದರೆ ಪೈಪಿಗೆ ಗೊತ್ತೇ ಆಗುವುದಿಲ್ಲ. ಸಾಲಿನಲ್ಲಿ 20 ಮನೆಯೂ ಹೀಗಾದರೆ 100 ಜನರಿಗೆಂದು ಹಾಕಿದ ಜಾಲಕ್ಕೆ 300 ಜನರ ಹೊರೆ.

ನೀರಿಗಿಂತ ಮೊದಲು ಕಣ್ಣಿಗೆ ಬೀಳುವುದು ಕಾರು. ಸೈಟಿನ ಮುಂಭಾಗ 50 ಅಡಿ, ಅಂದರೆ 15 ಮೀಟರ್ ಇದೆ ಎನ್ನೋಣ. ಗೇಟಿಗೆ ಮೂರೂವರೆ ಮೀಟರ್ ಕಳೆದರೆ ಉಳಿದದ್ದರಲ್ಲಿ ರಸ್ತೆಗೆ ಸಮಾನಾಂತರವಾಗಿ ಎರಡು ಕಾರು ನಿಲ್ಲುತ್ತವೆ. ಕುಟುಂಬಕ್ಕೆ ಎರಡರಂತೆ ಆರು ಕಾರು ಬಂದರೆ? ಗೇಟು ಅಗಲವಾಗುತ್ತದೆ, ಮುಂದಿನ ಹುಲ್ಲುಹಾಸಿಗೆ ಕಾಂಕ್ರೀಟು ಬೀಳುತ್ತದೆ, ಕಾಂಪೌಂಡಿಗೆ ಎರಡನೇ ಗೇಟು ಒಡೆಯುತ್ತಾರೆ, ಮಿಕ್ಕ ಕಾರು ರಸ್ತೆಗೆ ಬರುತ್ತದೆ. ಕಾರ್ಬೂಸಿಯೆ ಯೋಜನೆಯಲ್ಲಿ ರಸ್ತೆಗಳಿಗೆ ವಿ-1ರಿಂದ ಶ್ರೇಣಿ ಉಂಟು. ಮನೆ ಬಾಗಿಲಿಗೆ ಬರುವುದು ವಿ-6, ಹಸಿರು ಪಟ್ಟಿಯೊಳಗಿನ ಕಾಲುದಾರಿ ವಿ-7. ಮನೆಯವರ ಓಡಾಟಕ್ಕಷ್ಟೇ ಉದ್ದೇಶಿಸಿದ್ದ ವಿ-6 ಹೀಗೆ ಪಾರ್ಕಿಂಗ್ ಜಾಗವಾಗುತ್ತದೆ.

ಮನೆಗಳ ಸಂಖ್ಯೆಯಿಂದಲೇ ಎಲ್ಲವೂ ನಿರ್ಧಾರವಾಗುವುದಿಲ್ಲ ಎಂಬುದನ್ನೂ ಇಲ್ಲಿ ಒಪ್ಪಬೇಕು. ಅಪ್ಪ ಅಮ್ಮ, ಮೂವರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಮನೆಗೆಲಸದವರ ಕುಟುಂಬ ಎಲ್ಲ ಸೇರಿ ಒಂದೇ ಮನೆಯಲ್ಲಿ ಹದಿನೈದು ಜನ ಇರಬಹುದು, ಅದು ನಿಯಮಕ್ಕೆ ವಿರುದ್ಧವಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಕುಟುಂಬದೊಳಗಿನ ವಾಸಕ್ಕೆ ಕೈ ಹಾಕಲಿಲ್ಲ. ಮೂವರು ಅಪರಿಚಿತರಿಗೆ ಮೂರು ಫ್ಲ್ಯಾಟು ಎಂಬ ವ್ಯವಸ್ಥೆಯನ್ನು ಮಾತ್ರ ತಡೆಯಿತು. ಸಾಂದ್ರತೆಯ ಶುದ್ಧ ಲೆಕ್ಕದಲ್ಲಿ ನೋಡಿದರೆ ಈ ಗೆರೆ ಪೂರ್ತಿ ನೇರವಲ್ಲ. ಆದರೆ ಕುಟುಂಬ ಬೆಳೆದು ಚದುರುತ್ತದೆ, ಮಾರಾಟವಾದ ಫ್ಲ್ಯಾಟು ಮತ್ತೆ ಒಂದು ಮನೆಯಾಗುವುದಿಲ್ಲ.

ಎರಡು ಕೋರ್ಟು, ಎರಡು ಓದು

2016ರಲ್ಲಿ ಸೆಕ್ಟರ್ 10ರ ನಿವಾಸಿಗಳ ಸಂಘ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋಯಿತು. ಹೈಕೋರ್ಟು ಪಾಲು ಮಾರಾಟದ ಬಗ್ಗೆ ಸಮೀಕ್ಷೆ ಮಾಡಿಸಿ, 2021ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಸಹಮಾಲೀಕ ತನ್ನ ಪಾಲು ಮಾರುವುದನ್ನು ಯಾವ ಕಾನೂನೂ ತಡೆಯುವುದಿಲ್ಲ, ಪಾಲಿನ ಮಾರಾಟ ಕಟ್ಟಡವನ್ನು ತುಂಡು ಮಾಡಿದಂತಲ್ಲ ಎಂಬುದು ಅದರ ಓದು. ಆಸ್ತಿ ಕಾನೂನಿನ ದೃಷ್ಟಿಯಿಂದ ಇದು ಹುರುಳಿಲ್ಲದ ವಾದವಲ್ಲ. ಅವಿಭಜಿತ ಪಾಲು ಅವಿಭಜಿತವೇ, ಗೋಡೆ ಎದ್ದಿಲ್ಲ, ಸೈಟು ಒಡೆದಿಲ್ಲ.

ಸುಪ್ರೀಂ ಕೋರ್ಟು ಕ್ರಯಪತ್ರವೊಂದನ್ನೇ ನೋಡದೆ ನಕ್ಷೆ, ಪಾಲು, ಒಪ್ಪಂದಪತ್ರ ಮೂರನ್ನೂ ಸೇರಿಸಿ ಓದಿತು. 1960ರ 14ನೇ ನಿಯಮ, 2007ರ 16ನೇ ನಿಯಮ ಮತ್ತು 2001ರ ನಿಯಮಗಳ ರದ್ದತಿ ಒಟ್ಟಾಗಿ ಮೊದಲ ಹಂತದಲ್ಲಿ ವಾಸದ ಮನೆಯ ವಿಭಜನೆಯನ್ನು ನಿಷೇಧಿಸುತ್ತವೆ ಎಂದಿತು. ನಕ್ಷೆ ನೋಡಿದರೇ ಒಂದು ಮನೆ ಮೂರು ಫ್ಲ್ಯಾಟಾಗುತ್ತಿದೆ ಎಂದು ಕಾಣುವಾಗಲೂ ಆಡಳಿತ ಕಣ್ಣುಮುಚ್ಚಿ ಮಂಜೂರಾತಿ ಕೊಟ್ಟಿದೆ ಎಂದು ಕಟುವಾಗಿಯೇ ಹೇಳಿತು. 2015ರಲ್ಲಿ ಅಧಿಸೂಚನೆಯಾದ ಚಂಡೀಗಢ ಮಹಾಯೋಜನೆ 2031 ಮೊದಲ ಹಂತವನ್ನು ಪರಂಪರೆಯ ಭಾಗವೆಂದು ಕಾಣುವುದೂ ತೀರ್ಪಿಗೆ ಆಧಾರವಾಯಿತು.

ಆದೇಶದಲ್ಲಿದ್ದವು ಇವು. ಮೊದಲ ಹಂತದಲ್ಲಿ ಸಾಂದ್ರತೆ ಹೆಚ್ಚಿಸಬೇಕೇ ಎಂಬುದನ್ನು ಪರಂಪರೆ ಸಂರಕ್ಷಣಾ ಸಮಿತಿ ಪರಿಶೀಲಿಸಬೇಕು. ಅದರ ಶಿಫಾರಸಿನಂತೆ ಮಹಾಯೋಜನೆ ಮತ್ತು 2017ರ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಅದಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆಯಬೇಕು. ಅಲ್ಲಿಯವರೆಗೆ ಒಂದು ಮನೆಯನ್ನು ಮೂವರು ಅಪರಿಚಿತರ ಮೂರು ಫ್ಲ್ಯಾಟಾಗಿಸುವ ತಂತ್ರವೆಂದು ಮೇಲ್ನೋಟಕ್ಕೇ ಕಾಣುವ ನಕ್ಷೆಯನ್ನು ಮಂಜೂರು ಮಾಡಬಾರದು. ಮಹಡಿವಾರು ಹಂಚಿಕೆಗಾಗಿ ಸಹಮಾಲೀಕರು ಬರೆದುಕೊಳ್ಳುವ ಒಪ್ಪಂದವನ್ನು ನೋಂದಾಯಿಸಬಾರದು, ಅದಕ್ಕೆ ಕಾನೂನಿನ ಬಲವೂ ಇರದು. ಎಫ್‌ಎಆರ್ ಇದ್ದಲ್ಲೇ ನಿಲ್ಲಬೇಕು. ಮಹಡಿ ಮೂರಕ್ಕೆ ಮೀರಬಾರದು, ಸಮಿತಿ ಸೂಕ್ತವೆಂದು ಹೇಳುವ ಏಕರೂಪದ ಎತ್ತರವನ್ನು ಪಾಲಿಸಬೇಕು. ಅದೇ ವರ್ಷದ ಫೆಬ್ರುವರಿಯಲ್ಲಿ ಆಡಳಿತ ಕುಟುಂಬದ ಹೊರಗಿನವರಿಗೆ ಪಾಲು ಮಾರುವ ನೋಂದಣಿ ನಿಲ್ಲಿಸಿತು.

ಪಾಲು ಕೊಂಡವರ ಸ್ಥಿತಿ

ಪ್ರಕರಣದ ಅತಿ ನೋವಿನ ಭಾಗ ಇದು. ನೂರಕ್ಕೆ 20 ಪಾಲು ಕೊಂಡು ಮೇಲಿನ ಮಹಡಿಯಲ್ಲಿ ಇರುವವರ ಕೈಯಲ್ಲಿ ನೋಂದಾಯಿತ ಕ್ರಯಪತ್ರ ಇದೆ, ಆದರೆ ಅದರ ಷೆಡ್ಯೂಲಿನಲ್ಲಿ (ಆಸ್ತಿಯ ವಿವರ ಬರೆಯುವ ಭಾಗ) ಮೇಲಿನ ಮಹಡಿ ಎಂದು ಇಲ್ಲ. ಆ ಮಹಡಿಗೆ ಇದ್ದ ಏಕೈಕ ಆಧಾರ ಸಹಮಾಲೀಕರ ಒಪ್ಪಂದ.

ಜಗಳ ಬಂದರೆ ವಿಭಜನೆ ದಾವೆ ಹೂಡಬಹುದು. ಆದರೆ ಕಟ್ಟಡವನ್ನು ಅಳೆದು ಹಂಚಿಕೊಡಲು 16ನೇ ನಿಯಮ ಅಡ್ಡ ಬರುತ್ತದೆ. ಹಂಚಲಾಗದ ಆಸ್ತಿಗೆ ಇರುವ ದಾರಿ ವಿಭಜನಾ ಕಾಯ್ದೆ, 1893: ಅರ್ಧ ಅಥವಾ ಅದಕ್ಕೂ ಹೆಚ್ಚು ಪಾಲು ಇರುವವರು ಕೇಳಿದರೆ ಕೋರ್ಟು ಇಡೀ ಆಸ್ತಿ ಮಾರಿ ಹಣ ಹಂಚಲು 2ನೇ ಕಲಮಿನಡಿ ಆದೇಶಿಸಬಹುದು, ಉಳಿದವರು ಆ ಪಾಲನ್ನು ಮೌಲ್ಯಮಾಪನದ ಬೆಲೆಗೆ ಕೊಳ್ಳಲು 3ನೇ ಕಲಮು ಅವಕಾಶ ಕೊಡುತ್ತದೆ. ಅಂದರೆ 50 ಪಾಲಿನ ನೆಲಮಹಡಿಯವರು ಒಬ್ಬರೇ ಮಾರಾಟ ಕೇಳಬಹುದು, 20 ಪಾಲಿನವರು ಒಬ್ಬರೇ ಕೇಳಲಾರರು. ಪಾಲು ಕೊಳ್ಳುವ ದಿನ ಈ ಮಾತನ್ನು ಖರೀದಿದಾರರ ಮುಂದೆ ಬಿಡಿಸಿ ಹೇಳಬೇಕಾದವರು ಹೇಳದೇ ಹೋದದ್ದು ದೊಡ್ಡ ಅನ್ಯಾಯ.

ಕುಟುಂಬದ ಮನೆಯಲ್ಲಿ ಒಬ್ಬ ಅಣ್ಣನೋ ತಮ್ಮನೋ ತನ್ನ ಪಾಲನ್ನು ಹೊರಗಿನವರಿಗೆ ಮಾರಿದರೆ ಕಾನೂನು ಬೇರೆ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನಂತೆ ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಹೊರಗಿನ ಖರೀದಿದಾರನಿಗೆ ಜಂಟಿ ಸ್ವಾಧೀನದ ಹಕ್ಕು ಇಲ್ಲ. ಅವನು ವಿಭಜನೆ ಕೇಳಿದರೆ 1893ರ ಕಾಯ್ದೆಯ 4ನೇ ಕಲಮಿನಡಿ ಕುಟುಂಬದವರೇ ಅವನ ಪಾಲನ್ನು ಕೊಂಡುಕೊಳ್ಳಬಹುದು. ಈ ಎರಡು ಕಲಮು ಕರ್ನಾಟಕಕ್ಕೂ ಅನ್ವಯ.

ಇನ್ನೊಂದು ಪೆಟ್ಟು ಬಿದ್ದದ್ದು ವಾರಸುದಾರರಿಗೆ. ಅಪ್ಪನ ಮನೆಯಲ್ಲಿ ಮೂರು ಮಕ್ಕಳಿಗೆ ಪಾಲು ಬಂದಿದೆ, ಒಬ್ಬರು ಕೆನಡಾದಲ್ಲಿ, ಇನ್ನೊಬ್ಬರಿಗೆ ಹಣದ ತುರ್ತು. ಮೂರನೆಯವರಿಗೆ ಉಳಿದ ಎರಡು ಪಾಲು ಕೊಳ್ಳುವ ಶಕ್ತಿ ಇಲ್ಲದಿದ್ದರೆ ಎಲ್ಲರೂ ಸೇರಿ ಇಡೀ ಮನೆ ಮಾರುವುದೊಂದೇ ದಾರಿ. ಹೀಗೆ ಮಾರಾಟವಾಗುವ ಮನೆಯನ್ನು ಕೊಳ್ಳಬಲ್ಲವರು ಬಹಳ ಸಿರಿವಂತರು ಮಾತ್ರ. ಪರಂಪರೆ ಉಳಿಯುತ್ತದೆ, ಬೀದಿ ಮಾತ್ರ ಒಂದೇ ವರ್ಗದವರ ಪಾಲಾಗುತ್ತದೆ. ತೀರ್ಪನ್ನು ಒಪ್ಪುವವರೂ ಈ ಬೆಲೆಯನ್ನು ಬಾಯಿಬಿಟ್ಟು ಹೇಳಬೇಕು.

ನಕ್ಷೆಯಲ್ಲಿ ಏನು ನೋಡಬೇಕು

ಮೇಲ್ನೋಟಕ್ಕೇ ಕಾಣುವ ಎಂಬ ಮಾತನ್ನು ಕೋರ್ಟು ಬಳಸಿದೆ, ಆದರೆ ಮಂಜೂರಾತಿ ಮೇಜಿನಲ್ಲಿ ಕೂತವರಿಗೆ ಪಟ್ಟಿ ಬೇಕು. ನಕ್ಷೆ ಓದುವ ಅಭ್ಯಾಸ ಇದ್ದವರಿಗೆ ಗುರುತುಗಳು ಹೀಗೆ ಸಿಗುತ್ತವೆ. ಮೆಟ್ಟಿಲು ಮನೆಯೊಳಗಿನ ಹಜಾರದಿಂದ ಏರುತ್ತದೆಯೋ, ಗೇಟಿನಿಂದ ನೇರ ಏರುತ್ತದೆಯೋ? ನೇರ ಏರುವ ಮೆಟ್ಟಿಲಿಗೆ ಮಹಡಿಗೊಂದು ಮುಖ್ಯ ಬಾಗಿಲು ಇದ್ದರೆ ಅದು ಮೊದಲ ಸುಳಿವು. ಮೂರೂ ಮಹಡಿಯಲ್ಲಿ ಪೂರ್ಣ ಅಡುಗೆಮನೆ, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ. ಹಜಾರ, ಊಟದ ಜಾಗ, ಬಟ್ಟೆ ಒಗೆಯುವ ಜಾಗ ಮೂರು ಸಲ. ಮೂರು ವಿದ್ಯುತ್ ಮೀಟರಿಗೆ ಗೂಡು, ಚಾವಣಿಯಲ್ಲಿ ಮೂರು ಬಿಡಿ ಟ್ಯಾಂಕು. ಇವುಗಳಲ್ಲಿ ಒಂದೆರಡು ಇದ್ದರೆ ದೊಡ್ಡ ಕುಟುಂಬದ ಅಗತ್ಯ ಇರಬಹುದು, ವಯಸ್ಸಾದವರಿಗೆ ಬೇರೆ ಅಡುಗೆಮನೆ ಬೇಕಾಗಬಹುದು. ಎಲ್ಲವೂ ಒಟ್ಟಿಗೆ ಬಂದು, ಅರ್ಜಿದಾರರು ಇತ್ತೀಚೆಗಷ್ಟೇ ಸೈಟು ಕೊಂಡ ಡೆವಲಪರ್ ಆಗಿದ್ದರೆ ಅನುಮಾನಕ್ಕೆ ಜಾಗವೇ ಇಲ್ಲ.

ಅಡುಗೆಮನೆ ಎಣಿಸಿ ನಗರ ಕಾಯುವುದು ದುರ್ಬಲ ವಿಧಾನ. ಅದಕ್ಕೇ ಸೈಟಿಗೆ ಎಷ್ಟು ಮನೆ ಎಂಬ ಅಂಕಿ ನಿಯಮದಲ್ಲೇ ಬರೆದಿರಬೇಕು. ದೆಹಲಿಯ 2021ರ ಮಾಸ್ಟರ್ ಪ್ಲಾನ್ ಸೈಟಿನ ಅಳತೆಗೆ ತಕ್ಕಂತೆ ಮನೆಗಳ ಸಂಖ್ಯೆಯನ್ನು ಕೋಷ್ಟಕದಲ್ಲೇ ಕೊಡುತ್ತದೆ. ಅಮೆರಿಕದ ಮಿನಿಯಾಪೊಲಿಸ್ ಇದಕ್ಕೆ ಇನ್ನೊಂದು ಉದಾಹರಣೆ: ಅಲ್ಲಿನ ನಗರ ಮಂಡಳಿ 2018ರ ಡಿಸೆಂಬರಿನಲ್ಲಿ ಮತ ಹಾಕಿ, 2020ರ ಜನವರಿಯಿಂದ ಒಂಟಿ ಮನೆಯ ಪ್ರದೇಶಗಳಲ್ಲಿ ಸೈಟಿಗೆ ಮೂರು ಮನೆಗಳವರೆಗೆ ಅನುಮತಿ ಕೊಟ್ಟಿತು. ಚಂಡೀಗಢ ತಡೆದದ್ದನ್ನೇ ಮಿನಿಯಾಪೊಲಿಸ್ ಬಿಟ್ಟಿತು. ಎರಡರಲ್ಲಿ ಯಾವುದು ಸರಿ ಎಂಬುದು ಆಯಾ ನಗರದ ಆಯ್ಕೆ. ಆದರೆ ಮಿನಿಯಾಪೊಲಿಸ್ ಅದನ್ನು ಬಹಿರಂಗ ಸಭೆಯಲ್ಲಿ, ಯೋಜನೆ ಬದಲಿಸಿ ಮಾಡಿತು. ಚಂಡೀಗಢದಲ್ಲಿ ಅದು ಕ್ರಯಪತ್ರಗಳ ಮೂಲಕ ಸದ್ದಿಲ್ಲದೆ ನಡೆಯುತ್ತಿತ್ತು.

ಬೆಂಗಳೂರಿನ ಹೆಸರು ತೀರ್ಪಿನಲ್ಲಿ

ತೀರ್ಪಿನ ಕೊನೆಯ ಭಾಗದಲ್ಲಿ ಬೆಂಗಳೂರಿನ ಮಾತು ಬರುತ್ತದೆ. ಯೋಜನೆಯಿಲ್ಲದ ಬೆಳವಣಿಗೆಯಿಂದ ಆ ನಗರ ಹೇಗೆ ಹಾಳಾಯಿತು ಎಂಬ 2022ರ ಅಕ್ಟೋಬರಿನ ಇಂಡಿಯಾ ಟುಡೇ ಮುಖಪುಟ ಲೇಖನವನ್ನು ಉಲ್ಲೇಖಿಸಿ, ಬೆಂಗಳೂರು ಕೊಟ್ಟ ಎಚ್ಚರಿಕೆಗೆ ಶಾಸಕಾಂಗ, ಕಾರ್ಯಾಂಗ, ನೀತಿ ರೂಪಿಸುವವರು ಕಿವಿಗೊಡಬೇಕು ಎಂದು ಪೀಠ ಹೇಳಿತು. ನಗರಾಭಿವೃದ್ಧಿಗೆ ಅನುಮತಿ ಕೊಡುವ ಮುನ್ನ ಪರಿಸರ ಪರಿಣಾಮದ ಅಧ್ಯಯನ ನಡೆಯಲಿ ಎಂದೂ ಮನವಿ ಮಾಡಿತು.

2015ರವರೆಗಿನ ಬೆಳವಣಿಗೆಗೆಂದು ರೂಪಿಸಿದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015 ಅಧಿಸೂಚನೆಯಾದದ್ದು 2007ರಲ್ಲಿ. ಅದು ವಸತಿ ಪ್ರದೇಶವನ್ನು ಮುಖ್ಯ ಮತ್ತು ಮಿಶ್ರ ಎಂದು ವಿಂಗಡಿಸಿ, ಸೈಟಿನ ಅಳತೆ ಮತ್ತು ರಸ್ತೆಯ ಅಗಲ ನೋಡಿ ನೆಲವ್ಯಾಪ್ತಿ, ಎಫ್‌ಎಆರ್, ಸೆಟ್‌ಬ್ಯಾಕ್ ನಿಗದಿ ಮಾಡಿತು. ಚಿಕ್ಕ ಸೈಟಿಗೆ 1.75 ಎಫ್‌ಎಆರ್ ಎಂದರೆ 1,200 ಚದರ ಅಡಿಯ 30×40ರಲ್ಲಿ 2,100 ಚದರ ಅಡಿ ಕಟ್ಟಡ. ಆ 2,100ರಲ್ಲಿ ಒಂದು ಡ್ಯೂಪ್ಲೆಕ್ಸ್ ಬರಬಹುದು, ಆರು ಒಂಟಿ ಕೋಣೆಯ ಬಾಡಿಗೆ ಮನೆಗಳೂ ಬರಬಹುದು. ಎಫ್‌ಎಆರ್ ಕಲಮಿಗೆ ಎರಡೂ ಒಂದೇ. ಬೋರ್‌ವೆಲ್ಲಿಗೆ, ಒಳಚರಂಡಿಗೆ, 30 ಅಡಿ ರಸ್ತೆಗೆ ಒಂದೇ ಅಲ್ಲ.

ಹಾಗೆಂದು ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಚಂಡೀಗಢದ ಬೀಗ ಹಾಕಬೇಕೆಂದಲ್ಲ. ಚಂಡೀಗಢದ ಮೊದಲ ಹಂತಕ್ಕೆ ಪರಂಪರೆಯ ಕಾರಣ ಇದೆ, ಸೈಟು ಮಾರಿದ ದಿನದಿಂದಲೂ ತುಂಡು ಮಾಡಬಾರದೆಂಬ ಷರತ್ತು ಇದೆ. ಇಲ್ಲಿನ ಬಾಡಿಗೆ ಕೋಣೆಗಳು ಗಾರ್ಮೆಂಟ್ಸ್ ಕೆಲಸಕ್ಕೆ, ಕಾಲೇಜಿಗೆ ಬಂದವರಿಗೆ ತಲೆ ಮೇಲಿನ ಸೂರು. ಇಲ್ಲಿ ಬೇಕಾದದ್ದು ಬಡಾವಣೆವಾರು ಲೆಕ್ಕ: ಈಗ ಎಷ್ಟು ಮನೆ ಇವೆ, ನೀರಿನ ಮತ್ತು ಒಳಚರಂಡಿಯ ಕೊಳವೆ ಎಷ್ಟು ತಡೆಯುತ್ತದೆ, ಸೈಟಿಗೆ ಎಷ್ಟು ಮನೆ ಬಿಡಬಹುದು. ಆ ಅಂಕಿ ನಕ್ಷೆ ಮಂಜೂರಾತಿಯಲ್ಲೂ ಖಾತೆಯಲ್ಲೂ ಉಪನೋಂದಣಿ ಕಚೇರಿಯ ಷೆಡ್ಯೂಲಿನಲ್ಲೂ ಒಂದೇ ಆಗಿರಬೇಕು. ಚಂಡೀಗಢದಲ್ಲಿ ನಕ್ಷೆ ಕೊಡುವವರು ಮಾಲೀಕತ್ವ ನೋಡಲಿಲ್ಲ, ನೋಂದಣಿ ಮಾಡುವವರು ನಕ್ಷೆ ನೋಡಲಿಲ್ಲ. 2001ರಿಂದ 2023ರವರೆಗೆ ಎಳೆದ ಈ ತಕರಾರು ಬೆಳೆದದ್ದು ಆ ಎರಡು ಮೇಜುಗಳ ನಡುವಿನ ಜಾಗದಲ್ಲಿ.